ಕಾಂತಪ್ಪ ಮಾವನ ಊಟ ಮುಗಿಯುವವರೆಗೆ

ಮೋಹನದಾಸ ಹಲ್ಲುಜ್ಜುವಾಗ ಬರೀ ಹಲ್ಲುಜ್ಜಿದವನಲ್ಲ. ಬ್ರಶ್ಶು ಬಾಯಲ್ಲಿರುವಾಗಲೇ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ. ಒಂದು ದಿನ ಎರಡು ಬ್ರಶ್ಶುಗಳೂ ಅದಲುಬದಲಾದವೆಂದು ಹೆಂಡತಿ ಶಶಿಪ್ರಭಾ ಹೇಳುತ್ತಾಳೆ, ಅವನು ಒಪ್ಪುವುದಿಲ್ಲ. ಗಡ್ಡ ಹೆರೆಯುವಾಗ ರೇಡಿಯೋ ವಾರ್ತೆ, ತಿಂಡಿ ತಿನ್ನುವಾಗ ಪೇಪರು, ಕೊಟ್ಟಾರದ ಮನೆಯಿಂದ ಕಂಕನಾಡಿಯ ಹೋಟೆಲಿಗೆ ಸ್ಕೂಟರಿನಲ್ಲಿ ಹೋಗುವಾಗ ಅಂದಿನ ಸಾಮಾನುಗಳ ಬಾಯಿಪಾಠ. ನಂತೂರಿನಲ್ಲಿ ಲಾರಿಗಳ ನಡುವೆ ನುಗ್ಗುತ್ತ "ಈರುಳ್ಳಿ, ಹುಳಿ, ಮೆಣಸು" ಎಂದು ಕೂಗಿಕೊಂಡು ಹೋಗುವವನನ್ನು ಅಲ್ಲಿನ ಪೊಲೀಸಿನವನು ಮೊದಮೊದಲು ತಡೆಯುತ್ತಿದ್ದ. ಆಮೇಲೆ ಅವನಿಗೂ ರೂಢಿಯಾಯಿತು.

ಹೀಗೆ ಮೋಹನದಾಸ ದಿನಾ ಬೇಕಾದಷ್ಟು ಹೊತ್ತು ಉಳಿಸುತ್ತಿದ್ದ. ಉಳಿಸಿದ್ದನ್ನು ಎಲ್ಲಿ ಇಟ್ಟಿದ್ದಾನೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದಾಗ ಅವನ ಹತ್ತಿರ ಒಂದು ಮಾತಿಗಾಗುವಷ್ಟೂ ಹೊತ್ತು ಇರುತ್ತಿರಲಿಲ್ಲ.

ಈ ಹುಚ್ಚು ಅವನಿಗೆ ಹಿಡಿದದ್ದು ಬೊಂಬಾಯಿಯಲ್ಲಿ. ಎಪ್ಪತ್ತೊಂಬತ್ತರಲ್ಲಿ ನೆಂಟರ ಮದುವೆಗೆಂದು ಹೋದವನು ಅಲ್ಲಿ ನಮ್ಮ ಊರಿನವರದೇ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತ. ಅನ್ನಕ್ಕೆ ಸಾರು ಕಲಸುವಾಗಲೇ ಯಾರೋ ಒಬ್ಬ ಬಂದು ಇವನ ಕುರ್ಚಿಯ ಬೆನ್ನು ಹಿಡಿದು ನಿಂತ. ಇವನು ಪೂರ್ತಿ ಏಳುವ ಮೊದಲೇ ಅವನು ಅರ್ಧ ಕುಳಿತಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಇನ್ನು ಈ ಊರಿನ ಅನ್ನದ ಋಣ ಸಾಕು ಎನ್ನುತ್ತಿದ್ದರು. ಮೋಹನದಾಸನಿಗೆ ದೇವರನ್ನು ಕಂಡಷ್ಟು ಸಂತೋಷವಾಯಿತು.

ಊರಿಗೆ ಬಂದವನೇ ಹೋಟೆಲಿನಲ್ಲಿ ಹೊಸ ಪದ್ಧತಿ ತಂದ. ಗಿರಾಕಿಯ ಎಲೆಗೆ ಮಜ್ಜಿಗೆ ಬಿದ್ದ ಕೂಡಲೇ ಸಪ್ಲಾಯರ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಏನೂ ಹೇಳಬಾರದು, ಸುಮ್ಮನೆ ನಿಲ್ಲಬೇಕು. ಇದರಿಂದ ಬೆಂಚುಗಳು ಬೇಗ ಖಾಲಿಯಾದವು. ಖಾಲಿಯಾಗದೆ ಉಳಿದ ಜಾಗ ಒಂದೇ, ಮೂಲೆಯ ಮೇಜು. ಅಲ್ಲಿ ಉಣ್ಣುತ್ತಿದ್ದವರು ಹೋಟೆಲಿನ ಯಜಮಾನರು, ಮೋಹನದಾಸನ ಸೋದರಮಾವ ಕಾಂತಪ್ಪ.

ಕಾಂತಪ್ಪ ಮಾವ ಮದುವೆಯಾದವರಲ್ಲ. ತಂಗಿ ಗುಣವತಿಯಮ್ಮನ ಸಂಸಾರದೊಟ್ಟಿಗೇ ಇದ್ದವರು. ಅಳಿಯಕಟ್ಟಿನ ಮನೆಯಾದ್ದರಿಂದ ಮಾವನ ನಂತರ ಹೋಟೆಲು ಅಳಿಯನಿಗೆ ಎನ್ನುವುದು ಮೋಹನದಾಸ ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಮಾವ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವರು. ಮಧ್ಯಾಹ್ನದ ಗೌಜಿ ಇಳಿದ ಮೇಲೆ ಮೂಲೆಯ ಮೇಜಿಗೆ ಹೋಗಿ ಕುಳಿತರೆ, ಮಾರ್ಕೆಟಿನ ಮೀನಿನವನು ಬರಲಿ, ಮುನಿಸಿಪಾಲಿಟಿಯವರು ಬರಲಿ, "ಉಣ್ತಾ ಇದ್ದೇನೆ" ಎನ್ನುತ್ತಿದ್ದರು. ಅದು ಪೂರ್ತಿ ಉತ್ತರ. ಬಂದವರು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು.

ಮಾವನ ಊಟದಲ್ಲಿ ಮೋಹನದಾಸನಿಗೆ ಸರಿಕಾಣದ ಸಂಗತಿ ಇನ್ನೊಂದಿತ್ತು. ಅಷ್ಟು ಹೊತ್ತು ಉಂಡರೂ ಎಲೆಯ ಬಲದಂಚಿನಲ್ಲಿ ಅರ್ಧ ಬಂಗುಡೆ ಹಾಗೆಯೇ ಉಳಿದಿರುತ್ತಿತ್ತು. ಒಂದು ದಿನ ಅವನು ಹೇಳಿಯೇ ಬಿಟ್ಟ: "ಮಾವ, ದಿನಾ ಅರ್ಧ ಮೀನು ಹಾಳು. ಸಣ್ಣದು ಹಾಕಿಸುವ ನಿಮಗೆ."

"ಇರಲಿ ಮಾರಾಯ," ಅಂದರು ಮಾವ. ಮರುದಿನವೂ ಅಷ್ಟೇ ದೊಡ್ಡ ಬಂಗುಡೆ ಹಾಕಿಸಿಕೊಂಡರು, ಅರ್ಧ ಉಳಿಸಿದರು.

ಎಂಬತ್ತೆರಡರ ಬೇಸಗೆಯಲ್ಲಿ ಮಾವ ತೀರಿಕೊಂಡರು. ಮನೆಯಲ್ಲೇ ಊಟ ಮುಗಿಸಿ, ಕೈ ತೊಳೆದು, ಎಲೆಯಡಿಕೆ ಹಾಕಿ ಉಗಿದು, ಆರಾಮಕುರ್ಚಿಯಲ್ಲಿ ಕುಳಿತುಕೊಂಡು ಹೋದರು. ಒಂದು ಕೆಲಸದ ನಡುವೆ ಇನ್ನೊಂದನ್ನು ಇಟ್ಟುಕೊಳ್ಳುವವರೇ ಅಲ್ಲ ಅವರು.

ಆ ವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳ ಅಮಾವಾಸ್ಯೆಯಂದು ಮನೆಯಲ್ಲಿ ಮಾವನಿಗೆ ಅಗೆಲು ಬಡಿಸಬೇಕೆಂದಾಯಿತು. ತುಳುವರ ಮನೆಗಳಲ್ಲಿ ತೀರಿಕೊಂಡವರು ಪೂರ್ತಿ ಹೋಗಿಬಿಡುವುದಿಲ್ಲ; ಕುಲೆಗಳಾಗಿ ವರ್ಷದಲ್ಲಿ ಒಂದೆರಡು ಸಲ ಊಟಕ್ಕೆ ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಂದು ಉಣ್ಣಿ ಎಂದು ಕೈಮುಗಿದು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕುಳಿತುಕೊಳ್ಳುವುದು ಕ್ರಮ. ಉಣ್ಣುವಾಗ ನೋಡಬಾರದು, ಅವಸರ ಮಾಡಬಾರದು. ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆರೆಯುತ್ತಾರೆ. ಆಮೇಲೆ ಮನೆಯವರ ಊಟ.

ಗುಣವತಿಯಮ್ಮ ಅಣ್ಣನಿಗಾಗಿ ಚಾವಡಿಯ ಪಕ್ಕದ ಕೋಣೆಯಲ್ಲಿ ಎಲೆ ಹಾಕಿದರು. ಮನೆಯ ಫೋನೂ ಅದೇ ಕೋಣೆಯಲ್ಲಿತ್ತು. ಕೈಮುಗಿದು ಬಾಗಿಲು ಮುಚ್ಚಿದರು. ಕೈಯಲ್ಲಿದ್ದ ವೀಳ್ಯದೆಲೆಗೆ ಸುಣ್ಣ ಹಚ್ಚಿ ಮುಗಿದಿರಲಿಲ್ಲ, ಒಳಗೆ ಫೋನು ಬಡಿದುಕೊಂಡಿತು.

ಯಾರೂ ಏಳಲಿಲ್ಲ. ಮೋಹನದಾಸ ಎದ್ದ. ಹೋಟೆಲಿಗೆ ಅರೆಯುವ ಮೆಶಿನ್ ತರಿಸಲು ಕೊಯಮತ್ತೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದವನು ಅವನೇ. ಹೇಗೂ ಬಾಗಿಲ ಹೊರಗೆ ಸುಮ್ಮನೆ ಕೂರುವ ಹೊತ್ತು, ಅಷ್ಟರಲ್ಲಿ ಒಂದು ಕೆಲಸ ಆಗಲಿ ಎಂಬುದು ಅವನ ಲೆಕ್ಕ. ಫೋನು ಯಾವ ಕೋಣೆಯಲ್ಲಿದೆ ಎಂಬುದೊಂದು ಲೆಕ್ಕಕ್ಕೆ ಬಂದಿರಲಿಲ್ಲ. ಅವನು ಬಾಗಿಲು ತಳ್ಳಿ, ಎಲೆಯನ್ನು ದಾಟಿ ಹೋಗಿ ರಿಸೀವರ್ ಎತ್ತಿದ. ಆ ಕಾಲದ ಟ್ರಂಕ್ ಕಾಲೆಂದರೆ ಕಿರುಚಬೇಕು. "ಬೇಗ. ಬೇಗ ಕಳಿಸಿ. ಇಷ್ಟು ನಿಧಾನ ಆದರೆ ನಮಗೆ ಆಗುವುದಿಲ್ಲ. ಹ್ಞಾ, ಬೇಗ," ಎಂದು ಅವನು ಕಿರುಚಿದ್ದು ಪಕ್ಕದ ಮನೆಗೂ ಕೇಳಿತು.

ಫೋನು ಇಟ್ಟು ತಿರುಗಿದಾಗ ಬಾಗಿಲಲ್ಲಿ ತಾಯಿ ನಿಂತಿದ್ದರು.

"ಊಟಕ್ಕೆ ಕೂತವರ ಎದುರು ಬೇಗ ಬೇಗ ಅಂತ ಬೊಬ್ಬೆ ಹೊಡೆಯುವುದುಂಟಾ?" ಅಂದರು. ದನಿ ಏರಿಸಲಿಲ್ಲ.

"ಅಮ್ಮ, ಲೈನ್ ಸಿಗುವುದೇ ಕಷ್ಟ..."

"ಅಣ್ಣ ಎದ್ದು ಹೋದರು." ಗುಣವತಿಯಮ್ಮ ಎಲೆಯನ್ನು ನೋಡಿದರು. "ಮೊದಲ ತುತ್ತು ಬಾಯಿಗೆ ಇಟ್ಟಿದ್ದರೋ ಇಲ್ಲವೋ. ಅವರು ಹೊಟ್ಟೆ ತುಂಬ ಉಂಡು ಏಳುವವರೆಗೆ ನಾನು ಈ ಮನೆಯಲ್ಲಿ ಎಲೆಯ ಮುಂದೆ ಕೂರುವುದಿಲ್ಲ."

ಅಂದಿನಿಂದ ಗುಣವತಿಯಮ್ಮ ಅನ್ನ ಬಿಟ್ಟರು. ಹೊತ್ತಿಗೊಂದು ಬಟ್ಟಲು ಗಂಜಿಯನ್ನು ಒಲೆಯ ಬಳಿ ನಿಂತುಕೊಂಡೇ ಕುಡಿದು ಮುಗಿಸುತ್ತಿದ್ದರು. ಮೋಹನದಾಸ ಮರುದಿನವೇ ಪರಿಹಾರ ಹೇಳಿದ: "ಇವತ್ತು ಸಂಜೆಯೇ ಹೋಟೆಲಿನಿಂದ ಕೋಳಿ, ಮೀನು ಎಲ್ಲ ತರಿಸಿ ಇನ್ನೊಮ್ಮೆ ಬಡಿಸುವ. ಮುಗಿಯಿತಲ್ಲ?"

"ನಿನಗೆ ಪುರ್ಸೊತ್ತಾದಾಗ ಬರಲಿಕ್ಕೆ ಅವರೇನು ನಿನ್ನ ಸಪ್ಲಾಯರಾ? ಇನ್ನು ದೀಪಾವಳಿ ಅಮಾವಾಸ್ಯೆಗೆ. ಬಾಗಿಲು ನೀನೇ ತೆರೆಯಬೇಕು. ಅಣ್ಣ ಉಂಡು ಮುಗಿಸಿದ ಮೇಲೆ ತೆರೆಯಬೇಕು."

"ಒಂದು ಎಲೆಯಡಿಕೆ ಹೊತ್ತು ಸಾಕಲ್ಲ?"

"ಅದು ಬೇರೆಯವರಿಗೆ. ಅಣ್ಣ ಎಷ್ಟು ಹೊತ್ತು ಉಣ್ತಿದ್ದರೋ ಅಷ್ಟು."

"ಅದು ನನಗೆ ಹೇಗೆ ಗೊತ್ತಾಗ್ತದೆ?"

ಗುಣವತಿಯಮ್ಮ ಮಗನತ್ತ ತಿರುಗಿದರು. "ಸಣ್ಣದಿರುವಾಗಿನಿಂದ ಅವರ ಬೆನ್ನ ಹಿಂದೆಯೇ ಬೆಳೆದವ ನೀನು. ನಿನಗೆ ಗೊತ್ತಿಲ್ಲದಿದ್ದರೆ ಹೇಳು. ಬರುವ ಆಟಿಗೆ ನಾನೂ ಆ ಎಲೆಯ ಪಕ್ಕ ಇನ್ನೊಂದು ಎಲೆಯಲ್ಲಿ ಕೂತಿರ್ತೇನೆ, ನನ್ನ ಊಟಕ್ಕೂ ನೀನೇ ಬಾಗಿಲು ತೆರೆಯುವವ. ಈಗಲೇ ಅಂದಾಜಿದ್ದರೆ ಒಳ್ಳೆಯದು."

ಇದನ್ನು ಅವರು ಬೆದರಿಸಲು ಹೇಳಿದ್ದಲ್ಲ, ಉಪ್ಪು ತೀರಿದೆ ಎಂದ ಹಾಗೆ ಹೇಳಿದರು. ತಿಂಗಳು ಕಳೆಯುವಾಗ ತಾಯಿಯ ರವಿಕೆಯ ತೋಳು ಸಡಿಲವಾಗಿ ಜೋತಾಡುವುದು ಮೋಹನದಾಸನಿಗೂ ಕಂಡಿತು. ಅವನು ಅಂಥದ್ದನ್ನೆಲ್ಲ ಗಮನಿಸುವವನಲ್ಲ. ಶಶಿಪ್ರಭಾ ಎರಡು ಸಲ ತೋರಿಸಿದ ಮೇಲೆ ಕಂಡಿತು.

ಮಾವ ಎಷ್ಟು ಹೊತ್ತು ಉಣ್ಣುತ್ತಿದ್ದರು? ಹೋಟೆಲಿನ ಅಡುಗೆಯ ಸೆವರಿನ್‌ನನ್ನು ಕೇಳಿದ. ಮಾವನ ಕಾಲದಿಂದ ಇದ್ದವನು.

"ನಾನು ಒಳಗೆ ಒಲೆ ನೋಡುವುದಾ, ಹೊರಗೆ ಅವರ ಬಾಯಿ ನೋಡುವುದಾ?" ಅಂದ ಸೆವರಿನ್. "ತುಂಬ ಹೊತ್ತು ಉಣ್ತಿದ್ದರು. ಅದು ಎಲ್ಲರಿಗೂ ಗೊತ್ತುಂಟು."

ಇನ್ನು ತಾನೇ ಉಂಡು ನೋಡುವುದೆಂದು ಮೋಹನದಾಸ ತೀರ್ಮಾನಿಸಿದ. ಮೊದಲ ದಿನ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮಾವನ ಮೂಲೆಯಲ್ಲಿ ಕುಳಿತ. ಅನ್ನದ ಹಬೆ ಆರುವ ಮೊದಲೇ ಊಟ ಮುಗಿದುಹೋಗಿತ್ತು. ಎರಡನೆಯ ದಿನ ಬೇಕೆಂದೇ ನಿಧಾನ ಮಾಡಿದ. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅದನ್ನು ಎಲೆಯ ಮೇಲೆ ಎತ್ತಿಹಿಡಿದುಕೊಂಡೇ ಇದ್ದ. ಒಳಗಿನಿಂದ ಸೆವರಿನ್ ಇಣುಕಿ, "ಊಟ ಸೇರುವುದಿಲ್ಲವಾ? ಹುಷಾರಿಲ್ಲವಾ?" ಎಂದು ವಿಚಾರಿಸಿದ. ಗಡಿಯಾರ ಎದುರಿಗಿರುವಷ್ಟು ದಿನ ಇದು ಆಗುವ ಹೋಗುವ ಮಾತಲ್ಲವೆಂದು ಕೆಲವು ದಿನಗಳಲ್ಲಿ ಗೊತ್ತಾಯಿತು. ಅದನ್ನು ಕಿಸೆಗೆ ಹಾಕಿದ. ಗ್ಯಾಸಿನವನು ಮಾತಾಡಲು ಬಂದಾಗ ಬಾಯಿ ತಪ್ಪಿ "ಉಣ್ತಾ ಇದ್ದೇನೆ" ಅಂದುಬಿಟ್ಟ. ಗ್ಯಾಸಿನವನು ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತ. ಜಗತ್ತೇನೂ ಮುಳುಗಲಿಲ್ಲ.

ಉಣ್ಣುವಾಗ ಬೇರೆ ಕೆಲಸವಿಲ್ಲದ್ದರಿಂದ ಅವನು ಹೋಟೆಲನ್ನು ನೋಡಿದ. ದಿನಾ ಅಲ್ಲಿಯೇ ಇದ್ದರೂ ನೋಡಿದ್ದು ಆಗಲೇ. ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಉಣ್ಣುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರನ್ನೋ ಮಲಗಿಸಿ ಬಂದವಳಿರಬೇಕು, ಪಕ್ಕದಲ್ಲಿ ಫ್ಲಾಸ್ಕು ಇತ್ತು. ಅವಳು ಬಲಗೈಯಲ್ಲಿ ಉಣ್ಣುತ್ತ ಎಡಗೈಯಲ್ಲಿ ಎಲೆಯನ್ನು ಒತ್ತಿ ಹಿಡಿದುಕೊಂಡಿದ್ದಳು. ಗಾಳಿಯೇನೂ ಇರಲಿಲ್ಲ. ಅವಳ ಪಕ್ಕದಲ್ಲಿ ಸಪ್ಲಾಯರ್ ಒರೆಸುವ ಬಟ್ಟೆ ಹಿಡಿದು, ಹೇಳಿಕೊಟ್ಟ ಹಾಗೆಯೇ, ಏನೂ ಹೇಳದೆ ನಿಂತಿದ್ದ.

ಮೋಹನದಾಸನಿಗೆ ನಾಚಿಕೆಯಾಯಿತು. ಅಂದು ಸಂಜೆ ಆ ಪದ್ಧತಿ ತೆಗೆದುಹಾಕಿದ. ಇದರಿಂದ ಹೋಟೆಲಿಗೆ ಒಳ್ಳೆಯ ಹೆಸರು ಬಂದು ವ್ಯಾಪಾರ ಏರಿತು ಎಂದು ಬರೆದರೆ ಕಥೆಗೆ ಚಂದ. ಏರಲಿಲ್ಲ. ಇಳಿಯಲೂ ಇಲ್ಲ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಮಾವ ಮೊದಲು ಬರೀ ಅನ್ನಕ್ಕೆ ಉಪ್ಪಿನಕಾಯಿ ಮುಟ್ಟಿಸಿ ಒಂದು ತುತ್ತು ಉಣ್ಣುತ್ತಿದ್ದರು, ಅದು ನೆನಪಾಯಿತು. ಆಮೇಲೆ ತೊಂಡೆಕಾಯಿ ಪಲ್ಯ, ಆಮೇಲೆ ಸಾರು, ಆಮೇಲೆ ಮೀನು. ಮೀನಾದ ಮೇಲೆ ಏನು ಮಾಡುತ್ತಿದ್ದರು, ಎಷ್ಟು ಹೊತ್ತು ಹಿಡಿಯುತ್ತಿತ್ತು? ಅಲ್ಲಿಗೆ ಎಲ್ಲ ಖಾಲಿ. ಮೀನು ಮುಗಿಯುವವರೆಗೆ ಮಾವನ ಎದುರು ಕುಳಿತಿರುವಷ್ಟು ತಾಳ್ಮೆ ದೊಡ್ಡವನಾದ ಮೇಲೆ ಅವನಿಗೆ ಇದ್ದದ್ದಿಲ್ಲ. ದೀಪಾವಳಿ ಹತ್ತಿರ ಬಂತು, ತಾಯಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದರು, ಉತ್ತರ ಮಾತ್ರ ಬರಲಿಲ್ಲ.

ಅಮಾವಾಸ್ಯೆಯ ದಿನ ಅವನು ಹೋಟೆಲಿಗೆ ಹೋಗಲಿಲ್ಲ. ಮಾರ್ಕೆಟಿನಿಂದ ದೊಡ್ಡ ಬಂಗುಡೆಯನ್ನೇ ಆರಿಸಿ ತಂದ. ದೀಪ ಹಚ್ಚಿದ ಮೇಲೆ ಅದೇ ಕೋಣೆಯಲ್ಲಿ ಎಲೆ ಹಾಕಿದರು. ಅನ್ನ, ಉಪ್ಪಿನಕಾಯಿ, ಪಲ್ಯ, ಕೋಳಿಸಾರು, ಹುರಿದ ಬಂಗುಡೆ, ಮಜ್ಜಿಗೆ. ಬಂದು ಉಣ್ಣಿ ಎಂದು ಕೈಮುಗಿದು ಬಾಗಿಲು ಮುಚ್ಚಿದರು. ಮೋಹನದಾಸ ಬಾಗಿಲಿಗೆ ತಾಗಿ ನೆಲದ ಮೇಲೆ ಕುಳಿತ. ಕೈಯಲ್ಲಿ ಪೇಪರಿಲ್ಲ, ಗಡಿಯಾರವಿಲ್ಲ. ಗುಣವತಿಯಮ್ಮ ಎದುರಿನ ಕಂಬಕ್ಕೆ ಒರಗಿದರು, ಶಶಿಪ್ರಭಾ ಅವರ ಪಕ್ಕ.

ಅವನು ಒಳಗಿನ ಊಟವನ್ನು ಹಿಂಬಾಲಿಸಿದ. ಬೇರೆ ದಾರಿ ತೋಚಿರಲಿಲ್ಲ. ಮಾವ ಕೂತರು, ಎಲೆಗೆ ನೀರು ಚಿಮುಕಿಸಿದರು. ಬರೀ ಅನ್ನದ ತುತ್ತು. ಅದನ್ನು ಪೂರ್ತಿ ಅಗಿದರು. ಪಲ್ಯಕ್ಕೆ ಬಂದರು.

ಆಗ ಒಳಗೆ ಫೋನು ಬಡಿಯಿತು.

ತಾಯಿಯೂ ಹೆಂಡತಿಯೂ ಅವನನ್ನು ನೋಡಿದರು. ಫೋನು ಬಡಿಯುತ್ತಲೇ ಇತ್ತು. ಟ್ರಂಕ್ ಕಾಲೇ ಇರಬೇಕು, ಆ ಉದ್ದದ ಸದ್ದು. ಬೊಂಬಾಯಿಯವರೋ, ಕೊಯಮತ್ತೂರಿನವರೋ. ಮೋಹನದಾಸ ಕದಲಲಿಲ್ಲ.

"ಮಾವ ಎತ್ತುವುದಿಲ್ಲ," ಅಂದ. "ಕೈ ಎಂಜಲು."

ಸ್ವಲ್ಪ ಹೊತ್ತಿಗೆ ಫೋನು ತಾನಾಗಿ ನಿಂತಿತು. ಗುಣವತಿಯಮ್ಮ ಎಲೆಯಡಿಕೆ ಹಾಕಿ ಮೆದ್ದು ಮುಗಿಸಿದರು. ಅಕ್ಕಪಕ್ಕದ ಮನೆಗಳಲ್ಲಿ ಬಾಗಿಲು ತೆರೆದು ಊಟ ಶುರುವಾದದ್ದು ಪಾತ್ರೆಗಳ ಸದ್ದಿನಿಂದ ಗೊತ್ತಾಯಿತು. ಹುರಿದ ಮೀನಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಮೂರು ತಿಂಗಳು ಗಂಜಿಯಲ್ಲಿ ಕಳೆದವರಿಗೆ ಆ ವಾಸನೆ ಏನೆಂದು ಬೇರೆ ಹೇಳಬೇಕಾಗಿಲ್ಲ.

"ಆಯಿತೋ ಎಂತ?" ಕೇಳಿದರು ಗುಣವತಿಯಮ್ಮ.

"ಇಲ್ಲ. ಸಾರಿನಲ್ಲಿದ್ದಾರೆ."

ಮಾವ ಸಾರು ಮುಗಿಸಿದರು. ಮೀನನ್ನು ಹತ್ತಿರ ಎಳೆದುಕೊಂಡರು. ಇಲ್ಲಿಯವರೆಗೆ ದಾರಿ ಗೊತ್ತಿತ್ತು. ಮೇಲಿನ ಮಗ್ಗುಲನ್ನು ಉಂಡರು. ಬಂಗುಡೆಯ ನಡುಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಇಡಿಯಾಗಿ ಎತ್ತಿ ಎಲೆಯಾಚೆ ಇಟ್ಟರು. ಉಳಿದ ಅರ್ಧವನ್ನು ಬಲದಂಚಿಗೆ ಸರಿಸಿದರು. ಅವನು ಹಾಳು ಎಂದಿದ್ದ ಅರ್ಧ. ಅದನ್ನು ಯಾಕೆ ಬಿಡುತ್ತಿದ್ದರು? ಮೋಹನದಾಸ ಕಣ್ಣು ಮುಚ್ಚಿ ಮಾವನ ಕೈಯನ್ನೇ ನೋಡಿದ. ಕೈ ಸುಮ್ಮನಿರಲಿಲ್ಲ. ಹೆಬ್ಬೆರಳು ಮೀನಿನ ಮೇಲೆ ಮೆಲ್ಲನೆ ಒತ್ತುತ್ತ ಹೋಗುತ್ತಿತ್ತು, ಸಣ್ಣ ಮುಳ್ಳುಗಳನ್ನು ಹುಡುಕಿ ಹುಡುಕಿ ತೆಗೆಯುತ್ತಿತ್ತು.

ಆಗ ನೆನಪಾಯಿತು. ಅವನು ಇನ್ನೂ ಶಾಲೆಗೆ ಸೇರದ ಕಾಲ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಕಣ್ಣು ಮೇಲೆ ಮಾಡಿದ್ದ. ಮಾವ ಅನ್ನದ ಉಂಡೆ ನುಂಗಿಸಿ, ಬೆನ್ನು ಗುದ್ದಿ, ಅದನ್ನು ಇಳಿಸಿದ್ದರು. ಮರುದಿನದಿಂದ ಅವನನ್ನು ಬಲಗಡೆ ಕೂರಿಸಿಕೊಂಡು, ತಮ್ಮ ಎಲೆಯ ಅರ್ಧ ಮೀನಿನ ಮುಳ್ಳನ್ನೆಲ್ಲ ಬಿಡಿಸಿ, "ತೆಕ್ಕೋ" ಎಂದು ಅಂಚಿಗೆ ಸರಿಸುತ್ತಿದ್ದರು. ಹೈಸ್ಕೂಲಿಗೆ ಹೋಗುವವರೆಗೆ ಅವನು ಉಂಡದ್ದು ಆ ಮೀನನ್ನೇ. ಆಮೇಲೆ ಅವನಿಗೆ ಅವಸರ ಶುರುವಾಯಿತು. ಬಲಗಡೆ ಕೂರುವುದು ಬಿಟ್ಟ, ಕೌಂಟರಿನಲ್ಲಿ ನಿಂತು ತಿನ್ನತೊಡಗಿದ. ಮಾವ ಬಿಡಲಿಲ್ಲ. ದಿನಾ ಅರ್ಧ ಬಂಗುಡೆಯ ಮುಳ್ಳು ಬಿಡಿಸಿ ಅಂಚಿನಲ್ಲಿಟ್ಟು ಕಾದರು. ಕಾಯುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತಿತ್ತು. ಅಳಿಯ ಬರಲಿಲ್ಲವೆಂದಾದಾಗ ಮಜ್ಜಿಗೆ ಹಾಕಿಸಿಕೊಂಡು ಎದ್ದರು.

ಮೋಹನದಾಸನಿಗೆ ಅಳು ಬಂತು. ಅಳುವಾಗ ಅವನು ಬೇರೆ ಏನೂ ಮಾಡಲಿಲ್ಲ.

ಶಶಿಪ್ರಭಾ ಗಾಬರಿಯಾದಳು. "ಇವರೇ, ಎಂತ ಆಯಿತು? ಸಾಕು, ಬಾಗಿಲು ತೆಗೆಯುವ. ಅತ್ತೆಗೆ ತಲೆ ತಿರುಗುತ್ತಾ ಉಂಟು."

"ಸ್ವಲ್ಪ ತಡಿ ಶಶಿ."

"ಮೀನು ಮುಗಿಯಲಿಲ್ಲವಾ ಇನ್ನೂ?" ಕೇಳಿದರು ಗುಣವತಿಯಮ್ಮ. ಅವರ ದನಿ ಈಗ ಸಣ್ಣದಾಗಿತ್ತು.

"ಅವರದ್ದು ಮುಗಿಯಿತು ಅಮ್ಮ. ನನ್ನದರ ಮುಳ್ಳು ಬಿಡಿಸ್ತಾ ಇದ್ದಾರೆ."

ಗುಣವತಿಯಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡರು.

ಕೊನೆಗೆ ಮೋಹನದಾಸ ಎದ್ದು, ಕೆಮ್ಮಿ, ಬಾಗಿಲು ತೆರೆದ. ಎಲೆ ಬಡಿಸಿದ ಹಾಗೆಯೇ ಇತ್ತು. ಅನ್ನ ತಣ್ಣಗಾಗಿತ್ತು, ಬಂಗುಡೆ ಇಡಿಯಾಗಿಯೇ ಇತ್ತು, ಮುಳ್ಳೂ ಒಳಗೇ ಇತ್ತು. ಕುಲೆಗಳು ಉಂಡದ್ದು ಎಲೆಯಲ್ಲಿ ಕಾಣುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಮಾತು. ಅವನು ಎಲೆಯ ಬಲಗಡೆ ಕುಳಿತ.

"ಬನ್ನಿ ಅಮ್ಮ. ಮಾವನ ಊಟ ಆಯಿತು."

ಗುಣವತಿಯಮ್ಮ ಗೋಡೆ ಹಿಡಿದುಕೊಂಡು ಬಂದು ಮಗನ ಪಕ್ಕ ಕುಳಿತರು. ಶಶಿಪ್ರಭಾ ಅವರ ಮುಂದೆ ಎಲೆ ಹಾಕಿ ಬಿಸಿ ಅನ್ನ ಬಡಿಸಿ ತಾನೂ ಕುಳಿತಳು. ಮೋಹನದಾಸ ಮಾವನ ಎಲೆಯ ಬಂಗುಡೆಯನ್ನು ಹತ್ತಿರ ಎಳೆದುಕೊಂಡು ನಡುಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಎತ್ತಲು ನೋಡಿದ. ಅದು ನಡುವೆ ತುಂಡಾಯಿತು. ಅವನು ಒಂದೊಂದೇ ಮುಳ್ಳನ್ನು ಹೆಬ್ಬೆರಳಿನಿಂದ ಹುಡುಕಿ ತೆಗೆಯತೊಡಗಿದ. ಅಭ್ಯಾಸವಿಲ್ಲದ ಕೈ, ತುಂಬ ಹೊತ್ತು ಹಿಡಿಯಿತು. ಕೊನೆಗೆ ಅರ್ಧ ಮೀನನ್ನು ತಾಯಿಯ ಎಲೆಯ ಅಂಚಿಗೆ ಸರಿಸಿ "ತೆಕ್ಕೊಳ್ಳಿ" ಅಂದ. ಅಲ್ಲಿಯವರೆಗೆ ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದಿದ್ದರು. ಎಲ್ಲರಿಗೂ ಹಸಿವಾಗಿತ್ತು. ಯಾರೂ ಬೇಗ ಎನ್ನಲಿಲ್ಲ.